ಎಮ್ಮೆಗೆ ಸಾಲ, ಎಮ್ಮೆ ಡಾಕ್ಟರಿಗೆ ಸಬೂಬು

ಹೋದ ತಿಂಗಳು ಊರಿಂದ ತಮ್ಮನ ಮಗ ಫೋನ್ ಮಾಡಿದ್ದ. ಬೀದರಿನ ವೆಟರ್ನರಿ ಕಾಲೇಜಿನಲ್ಲಿ ಓದು, ಇಂಟರ್ನ್‌ಶಿಪ್ ಎರಡೂ ಮುಗಿಸಿ ಮನೆಗೆ ಬಂದು ಕೂತಿದ್ದಾನೆ.

"ದೊಡ್ಡಪ್ಪಾ, ಗವರ್ನಮೆಂಟ್ ನೌಕರಿಗೆ ಯಾವಾಗ ಕರೀತಾರೋ ಗೊತ್ತಿಲ್ಲ. ಅಲ್ಲೀತನಕ ನಂದ ಒಂದು ಕ್ಲಿನಿಕ್ ಹಾಕಬೇಕಂತೀನಿ. ಬ್ಯಾಂಕಿನ್ಯಾಗ ಇದಕ್ಕ ಸರ್ಕಾರದ ಸ್ಕೀಮ್ ಏನರೆ ಐತೇನು?"

"ಐತಿ, ನೋಡಿ ಹೇಳ್ತೀನಿ" ಅಂದು ಫೋನ್ ಇಟ್ಟೆ. ಇಟ್ಟ ಮೇಲೆ ಅವತ್ತು ರಾತ್ರಿ ನಿದ್ದೆ ಬರಲಿಲ್ಲ. ಯಾಕೆ ಅಂದ್ರೆ ಇದೇ ಪ್ರಶ್ನೆಯನ್ನು ಇಪ್ಪತ್ತು ವರ್ಷದ ಹಿಂದೆ ಇನ್ನೊಬ್ಬ ಹುಡುಗ ನನ್ನ ಟೇಬಲ್ಲಿನ ಮುಂದೆ ಕೂತು ಕೇಳಿದ್ದ. ಅವನಿಗೆ ನಾನು ಕೊಟ್ಟ ಉತ್ತರ ನೆನಪಾಯಿತು. ಆ ಕಥೆಗೆ ಆಮೇಲೆ ಬರುತ್ತೇನೆ. ಮೊದಲು ಈ ಸಾಲದ ಹಿಂದಿನ ಕಥೆ. ಬ್ಯಾಂಕಿನವರು ಇತಿಹಾಸ ಬರೆದರೆ ಸರ್ಕ್ಯುಲರ್ ಓದಿದ ಹಾಗಿರುತ್ತದೆ ಅಂತ ನನ್ನ ಹೆಂಡತಿಯ ಅಭಿಪ್ರಾಯ. ಆದಷ್ಟು ಹಾಗಾಗದಂತೆ ನೋಡಿಕೊಳ್ಳುತ್ತೇನೆ, ನೀವೂ ಸ್ವಲ್ಪ ಸಹಿಸಿಕೊಳ್ಳಿ.

ನಮ್ಮ ದೇಶದಲ್ಲಿ ಸರ್ಕಾರ ರೈತನಿಗೆ ಸಾಲ ಕೊಡುವುದು ಹೊಸದೇನಲ್ಲ. ಅಜ್ಜಂದಿರ ಬಾಯಲ್ಲಿ "ತಕಾವಿ" ಅನ್ನುವ ಮಾತು ಕೇಳಿರಬಹುದು. ಬಲ ಕೊಡುವುದು ಎಂಬ ಅರ್ಥದ ಅರಬ್ಬಿ ಮೂಲದ ಪದ ಅದು. ಬ್ರಿಟಿಷರಿಗಿಂತ ಮುಂಚೆಯೇ ಇದ್ದ ಪದ್ಧತಿ. 1876-78ರ ಭೀಕರ ಬರ, ಅಂದರೆ ನಮ್ಮ ಹಳೇ ಮೈಸೂರಿನವರು ಧಾತು ಈಶ್ವರದ ಬರ ಅನ್ನುತ್ತಾರಲ್ಲ, ಅದು ಮುಗಿದ ಮೇಲೆ ಕ್ಷಾಮ ಆಯೋಗ ಕೂತು ವರದಿ ಕೊಟ್ಟಿತು. ಅದರ ಬೆನ್ನಿಗೇ ಎರಡು ಕಾಯ್ದೆ ಬಂದವು. 1883ರದ್ದು ಭೂಮಿ ಸುಧಾರಣೆಯ ಸಾಲಕ್ಕೆ, ಬಾವಿ ಬದುವು ಇತ್ಯಾದಿ. 1884ರದ್ದು ಬೀಜಕ್ಕೆ, ಎತ್ತಿಗೆ. ಬರದಲ್ಲಿ ಎತ್ತು ಸತ್ತರೆ ಮಾಮಲೇದಾರರ ಕಚೇರಿಗೆ ಅರ್ಜಿ ಕೊಟ್ಟು ಇನ್ನೊಂದು ಎತ್ತು ಕೊಳ್ಳಲು ಸಾಲ ತರಬಹುದಿತ್ತು. ಸಿಗುತ್ತಿತ್ತೋ ಇಲ್ಲವೋ, ಕಾನೂನಿನಲ್ಲಂತೂ ಇತ್ತು.

ಗಮನಿಸಿ, ಎತ್ತು ಸತ್ತ ಮೇಲೆ ಸಾಲ. ಎತ್ತು ಸಾಯದ ಹಾಗೆ ನೋಡಿಕೊಳ್ಳುವವನಿಗೆ ಸಾಲ ಅನ್ನುವ ವಿಚಾರವೇ ಆಗ ಯಾರ ತಲೆಯಲ್ಲೂ ಇರಲಿಲ್ಲ. ಅದಕ್ಕೊಂದು ಕಾರಣವೂ ಇತ್ತು. ಪಶುವೈದ್ಯ ಅನ್ನುವವನು ಹುಟ್ಟಿದ್ದೇ ಸಂಬಳದವನಾಗಿ. ಮೊದಲ ಚಿಂತೆ ಸೈನ್ಯದ ಕುದುರೆಗಳದು, ಆಮೇಲೆ ಊರೂರನ್ನು ಬರಿದು ಮಾಡುತ್ತಿದ್ದ ದೊಡ್ಡರೋಗದ್ದು. ಮುಂಬಯಿಯ ಪರೇಲಿನಲ್ಲಿರುವ ವೆಟರ್ನರಿ ಕಾಲೇಜು ಶುರುವಾದದ್ದು 1886ರಲ್ಲಿ. ಪಕ್ಕದಲ್ಲೇ ಪೆಟಿಟ್ ಮನೆತನದ ದಾನದಿಂದ ನಿಂತ ಬಾಯಿ ಸಾಕರಬಾಯಿ ಆಸ್ಪತ್ರೆ. ಅಲ್ಲೇ ಓಡಾಡಿಕೊಂಡಿದ್ದ ನಮ್ಮ ಎಷ್ಟೋ ಕನ್ನಡಿಗರಿಗೆ ಅದು ಬರೀ ಬಸ್ ಸ್ಟಾಪಿನ ಗುರುತು. 1889ರಲ್ಲಿ ಪುಣೆಯಲ್ಲಿ ಇಂಪೀರಿಯಲ್ ಬ್ಯಾಕ್ಟೀರಿಯಾಲಜಿಕಲ್ ಲ್ಯಾಬೊರೇಟರಿ ತೆರೆದರು. ನಾಲ್ಕು ವರ್ಷಕ್ಕೆ ಅದು ಹಿಮಾಲಯದ ಮುಕ್ತೇಶ್ವರಕ್ಕೆ ಹೋಯಿತು. ಇವತ್ತಿನ ಭಾರತೀಯ ಪಶುವೈದ್ಯ ಸಂಶೋಧನಾ ಸಂಸ್ಥೆಯ ಮೂಲ ಅದೇ.

ಸ್ವಾತಂತ್ರ್ಯ ಬಂದ ಮೇಲೂ ಈ ನಡೆ ಬದಲಾಗಲಿಲ್ಲ. 1954ರಲ್ಲಿ ರಿಂಡರ್‌ಪೆಸ್ಟ್ ನಿರ್ಮೂಲನೆಯ ರಾಷ್ಟ್ರೀಯ ಕಾರ್ಯಕ್ರಮ ಶುರುವಾಯಿತು. ಲಸಿಕೆ ಉಚಿತ, ಡಾಕ್ಟರು ಉಚಿತ. ಅದು ಸರಿಯೇ. ಒಬ್ಬನ ದನಕ್ಕೆ ಬಂದ ರೋಗ ಬೇಲಿ ನೋಡಿ ನಿಲ್ಲುವುದಿಲ್ಲ. ಹಾಗೆ ಐವತ್ತು ವರ್ಷ ಹೋರಾಡಿದ್ದಕ್ಕೇ 2006ರಲ್ಲಿ ಭಾರತ ಆ ರೋಗದಿಂದ ಮುಕ್ತ ಎಂದು ಘೋಷಣೆಯಾಯಿತು, 2011ರಲ್ಲಿ ಇಡೀ ಜಗತ್ತಿನಿಂದಲೇ ಹೋಯಿತು. ಸಿಡುಬಿನ ನಂತರ ಭೂಮಿಯಿಂದ ಅಳಿಸಿ ಹಾಕಿದ ಎರಡನೆಯ ರೋಗ ಅದು. ಖಾಸಗಿ ಕ್ಲಿನಿಕ್ಕಿನಿಂದ ಆಗುವ ಕೆಲಸವಲ್ಲ. ಆದರೆ ಅದೇ "ಉಚಿತ" ಅನ್ನುವ ಬೋರ್ಡು ಕಷ್ಟದ ಹೆರಿಗೆಗೂ, ಕೆಚ್ಚಲು ಬಾವಿಗೂ, ಕಾಲು ಮುರಿದದ್ದಕ್ಕೂ ತೂಗುಬಿತ್ತು. ಸಾಲದ ಕಥೆಯ ಗಂಟು ಇರುವುದು ಇಲ್ಲೇ.

ಈಗ ಬ್ಯಾಂಕಿನ ಕಡೆ ಬರೋಣ. ರಿಸರ್ವ್ ಬ್ಯಾಂಕು 1951-52ರಲ್ಲಿ ಹಳ್ಳಿಯ ಸಾಲದ ಬಗ್ಗೆ ದೊಡ್ಡ ಸರ್ವೆ ಮಾಡಿಸಿತ್ತು. ರೈತ ತಂದ ಸಾಲದಲ್ಲಿ ಸರ್ಕಾರದ ಪಾಲು ಶೇ. 3.3, ಸಹಕಾರಿ ಸಂಘಗಳದು ಶೇ. 3.1, ನಮ್ಮಂಥ ವಾಣಿಜ್ಯ ಬ್ಯಾಂಕುಗಳದು ಶೇ. 0.9. ಉಳಿದದ್ದು ಬಹುಪಾಲು ಸಾಹುಕಾರರದು. ಈ 0.9 ಅನ್ನು ನಮ್ಮ ಟ್ರೇನಿಂಗ್ ಕಾಲೇಜಿನಲ್ಲಿ ಬೋರ್ಡಿನ ಮೇಲೆ ದೊಡ್ಡದಾಗಿ ಬರೆದು ತೋರಿಸುತ್ತಿದ್ದರು, ನಮಗೆ ನಾಚಿಕೆಯಾಗಲಿ ಅಂತ. 1969ರ ಜುಲೈ 19ರಂದು 14 ಬ್ಯಾಂಕುಗಳ ರಾಷ್ಟ್ರೀಕರಣವಾಯಿತು. ಅದರಲ್ಲಿ ನಮ್ಮ ಕರಾವಳಿಯ ಕೆನರಾ, ಸಿಂಡಿಕೇಟ್ ಎರಡೂ ಇದ್ದವು. 1980ರಲ್ಲಿ ಇನ್ನೂ ಆರು ಸೇರಿದವು, ಕಾರ್ಪೊರೇಷನ್ ಬ್ಯಾಂಕು, ವಿಜಯಾ ಬ್ಯಾಂಕು ಸೇರಿದ್ದು ಆಗ. (ಈ ನಾಲ್ಕರಲ್ಲಿ ಇವತ್ತು ಬೋರ್ಡಿನ ಮೇಲೆ ಉಳಿದಿರುವ ಹೆಸರು ಕೆನರಾ ಒಂದೇ. ಅದು ಬೇರೆಯೇ ಸಂಕಟ, ಇನ್ನೊಮ್ಮೆ ಬರೆಯುತ್ತೇನೆ.)

ರಾಷ್ಟ್ರೀಕರಣದ ನಂತರ ಹಳ್ಳಿಗೆ ಬ್ಯಾಂಕ್ ಬಂತು, ಬ್ಯಾಂಕಿನ ಹಿಂದೆ ಎಮ್ಮೆ ಸಾಲ ಬಂತು. 1978-79ರಲ್ಲಿ ಕೆಲವು ಬ್ಲಾಕುಗಳಲ್ಲಿ ಶುರುವಾದ ಐಆರ್‌ಡಿಪಿ 1980ರ ಅಕ್ಟೋಬರ್ 2ರಿಂದ ದೇಶದ ಎಲ್ಲ ಬ್ಲಾಕುಗಳಿಗೂ ಹೋಯಿತು. ಸಣ್ಣ ರೈತನಿಗೆ ಶೇ. 25 ಸಬ್ಸಿಡಿ, ಅತಿ ಸಣ್ಣ ರೈತ, ಕೂಲಿಯವರಿಗೆ ಮೂರನೇ ಒಂದು ಪಾಲು, ಪರಿಶಿಷ್ಟರಿಗೆ ಅರ್ಧ. ಉಳಿದದ್ದು ಬ್ಯಾಂಕಿನ ಸಾಲ. ನಿಮ್ಮಲ್ಲಿ ಐವತ್ತು ದಾಟಿದವರಿಗೆ ಆ ಕಾಲದ ಸಾಲಮೇಳಗಳು ನೆನಪಿರಬಹುದು. ಒಂದೇ ಎಮ್ಮೆಯನ್ನು ನಾಲ್ಕು ಮಂದಿ ಹೊಡೆದುಕೊಂಡು ಬಂದು ನಾಲ್ಕು ಸಾಲ ಎತ್ತಿದರು ಅನ್ನುವ ಜೋಕು ಪ್ರತಿ ಬ್ರಾಂಚಿನಲ್ಲೂ ಇತ್ತು. ಎಲ್ಲ ಕಡೆ ಜೋಕೇ ಆಗಿತ್ತು ಅಂತ ನಾನು ಹೇಳಲಾರೆ.

ಆ ವಂಚನೆ ತಡೆಯಲು ಬಂದದ್ದು ಕಿವಿಯ ಬಿಲ್ಲೆ. ಸಾಲದ ಎಮ್ಮೆಯ ಕಿವಿಗೆ ನಂಬರಿನ ಬಿಲ್ಲೆ ಚುಚ್ಚಬೇಕು, ಇನ್ಶೂರೆನ್ಸ್ ಮಾಡಿಸಬೇಕು. ಎಮ್ಮೆ ಸತ್ತರೆ ಬಿಲ್ಲೆ ಸಮೇತ ಕ್ಲೇಮು. ಬಿಲ್ಲೆ ಇಲ್ಲವೆಂದರೆ ಕ್ಲೇಮೂ ಇಲ್ಲ. ಮುಂದೆ ನಾನು ಕೆಲಸ ಮಾಡಿದ ಹಳ್ಳಿಯ ಬ್ರಾಂಚಿನ ಹಳೇ ಅಲ್ಮೇರಾದಲ್ಲಿ ಒಂದು ಖಾಕಿ ಲಕೋಟೆ ಸಿಕ್ಕಿತ್ತು. ಅದರ ತುಂಬ ಇಂಥ ಬಿಲ್ಲೆಗಳು. ಕೆಲವಕ್ಕೆ ಒಣಗಿದ ಚರ್ಮದ ಚೂರು ಅಂಟಿಕೊಂಡೇ ಇತ್ತು. ಪ್ಯೂನ್ ಅದನ್ನು ನೋಡಿ ಕೈ ಮುಗಿದು ಹೊರಗೆ ಒಯ್ದು ಹುಗಿದ.

ಈ ಇಡೀ ನಾಟಕದಲ್ಲಿ ಪಶುವೈದ್ಯನ ಪಾತ್ರ ಏನು? ಸಹಿ. ಎಮ್ಮೆ ಕೊಳ್ಳುವಾಗ ಆರೋಗ್ಯದ ಸರ್ಟಿಫಿಕೇಟು, ಬೆಲೆ ಸರಿಯಿದೆ ಅನ್ನುವ ಸರ್ಟಿಫಿಕೇಟು, ಸತ್ತಾಗ ಪೋಸ್ಟ್‌ಮಾರ್ಟಮ್ ಸರ್ಟಿಫಿಕೇಟು. ಸಾವಿರಗಟ್ಟಲೆ ಎಮ್ಮೆ ಸಾಲದ ಫೈಲುಗಳಲ್ಲಿ ಡಾಕ್ಟರ ಸಹಿ ಇದೆ, ಸಾಲಗಾರರ ಪಟ್ಟಿಯಲ್ಲಿ ಡಾಕ್ಟರ ಹೆಸರಿಲ್ಲ. ಎಮ್ಮೆ ಬ್ಯಾಂಕಿನ ಕಣ್ಣಿಗೆ ಆಸ್ತಿ, ಅದಕ್ಕೆ ಕಿವಿ ಇದೆ, ಕಿವಿಗೆ ನಂಬರ್ ಇದೆ. ಡಾಕ್ಟರ ಕೈಗುಣಕ್ಕೆ ಎಲ್ಲಿ ಬಿಲ್ಲೆ ಚುಚ್ಚುವುದು?

"ಉಚಿತ" ಅಂದೆನಲ್ಲ, ಅದರ ಬಗ್ಗೆ ಮನೆಯದೇ ಒಂದು ಸಂಗತಿ ಹೇಳಬೇಕು. ಹಾವೇರಿ ಕಡೆಯ ಒಂದು ಸಣ್ಣ ಹಳ್ಳಿ ನಮ್ಮದು. ನನಗೆ ಹನ್ನೊಂದು ವರ್ಷ ಇದ್ದಾಗ, 1980ರ ಸುಮಾರು, ನಮ್ಮ ಎಮ್ಮೆ ಕರು ಹಾಕಿದ ಮಾರನೇ ರಾತ್ರಿ ಕುಸಿದು ಕೂತಿತು. ಕುತ್ತಿಗೆ ಒಂದು ಕಡೆ ಹೊರಳಿಸಿ, ಕಿವಿ ತಣ್ಣಗೆ, ಎಬ್ಬಿಸಿದರೆ ಏಳುತ್ತಿಲ್ಲ. ಹಾಲು ಜ್ವರ. ಹೆಸರಿಗೆ ಜ್ವರ, ಮೈ ಮಾತ್ರ ಹಿಮದ ಹಾಗೆ. ಕರು ಹಾಕಿದ ಮೇಲೆ ಹಾಲಿಗೆಂದು ರಕ್ತದ ಸುಣ್ಣದ ಅಂಶವೆಲ್ಲ ಇಳಿದು ಹೋಗಿ ಹೀಗಾಗುತ್ತದೆ. ರಕ್ತನಾಳಕ್ಕೆ ಒಂದು ಬಾಟಲಿ ಕ್ಯಾಲ್ಸಿಯಂ ನಿಧಾನಕ್ಕೆ ಬಿಟ್ಟರೆ ಸತ್ತಂತೆ ಬಿದ್ದ ಎಮ್ಮೆ ಸ್ವಲ್ಪ ಹೊತ್ತಿಗೇ ಎದ್ದು ನಿಲ್ಲುತ್ತದೆ. ಬಿಡದಿದ್ದರೆ ಬೆಳಗಾಗುವುದರೊಳಗೆ ಹೋಗುತ್ತದೆ.

ಸರ್ಕಾರಿ ದನದ ದವಾಖಾನೆ ಎಂಟು ಕಿಲೋಮೀಟರ್ ದೂರ, ರಾತ್ರಿ ಬಾಗಿಲು ಹಾಕಿರುತ್ತಿತ್ತು. ಅಪ್ಪ ಸೈಕಲ್ ತುಳಿದುಕೊಂಡು ಹೋಗಿ ಕಂಪೌಂಡರನ್ನು ಮನೆಯಿಂದ ಎಬ್ಬಿಸಿ ಕರೆದುಕೊಂಡು ಬಂದ. ನಾನು ಕಂದೀಲು ಹಿಡಿದು ನಿಂತಿದ್ದೆ. ಎಮ್ಮೆ ಎದ್ದಿತು. ಅಪ್ಪ ಐದು ರೂಪಾಯಿಯ ಮೂರು ನೋಟು ಮಡಚಿ ಅವರ ಜೇಬಿಗೆ ಹಾಕಿದ. "ಬ್ಯಾಡ್ರಿ ಗೌಡ್ರ" ಅಂದರು, ತಗೊಂಡರು. ಮಾರನೇ ದಿನ ಅವ್ವ ಎರಡು ಸೇರು ಜೋಳ ಕಳಿಸಿದಳು. ಆ ಹದಿನೈದು ರೂಪಾಯಿ ಯಾವ ರಸೀದಿಯಲ್ಲೂ ಇಲ್ಲ. ಅದನ್ನು ಲಂಚ ಅನ್ನಬೇಕೋ ಫೀ ಅನ್ನಬೇಕೋ ನನಗೆ ಇವತ್ತಿಗೂ ಗೊತ್ತಿಲ್ಲ. ಆ ಮನುಷ್ಯ ನಡುರಾತ್ರಿ ಎಂಟು ಕಿಲೋಮೀಟರ್ ಬಂದಿದ್ದ. ಅಪ್ಪನಿಗಂತೂ ಲೆಕ್ಕ ಸ್ಪಷ್ಟ ಇತ್ತು, ಎಮ್ಮೆ ಉಳಿಯಿತು.

ಮನೆ ಬಾಗಿಲಿಗೆ ಬಂದ ಡಾಕ್ಟರಿಗೆ ರೈತ ದುಡ್ಡು ಕೊಡುತ್ತಾನೆ ಅನ್ನುವುದು ನಮ್ಮ ಹಟ್ಟಿಯಲ್ಲಿ ಮಾತ್ರ ಕಂಡ ಸಂಗತಿಯಲ್ಲ. ಗುಜರಾತಿನ ಖೇಡಾ ಹಾಲು ಒಕ್ಕೂಟದಲ್ಲಿ, ಅಂದರೆ ಅಮುಲ್‌ನವರಲ್ಲಿ, ತುರ್ತು ಕರೆಗೆ ಸಣ್ಣ ಶುಲ್ಕ ಇಟ್ಟೇ ಡಾಕ್ಟರ ಜೀಪು ಓಡಿಸುತ್ತಿದ್ದರು. ಪುಣೆ ಪಕ್ಕದ ಉರುಳಿ ಕಾಂಚನದಲ್ಲಿ ಮಣಿಭಾಯಿ ದೇಸಾಯಿ 1967ರಲ್ಲಿ ಕಟ್ಟಿದ ಬಾಯಫ್ ಸಂಸ್ಥೆ ಕೃತಕ ಗರ್ಭಧಾರಣೆಯನ್ನು ರೈತನ ಹಟ್ಟಿಗೇ ಒಯ್ದಿತು. ನಮ್ಮ ತಿಪಟೂರಿನಲ್ಲೂ ಅವರ ಕೆಲಸ ಇದೆ. 1976ರ ರಾಷ್ಟ್ರೀಯ ಕೃಷಿ ಆಯೋಗ 2000ನೇ ಇಸವಿಯ ಹೊತ್ತಿಗೆ 5,000 ಜಾನುವಾರು ಘಟಕಕ್ಕೆ ಒಬ್ಬ ಪಶುವೈದ್ಯ ಇರಬೇಕು ಅಂದಿತ್ತು. ಸರ್ಕಾರಿ ನೇಮಕಾತಿಯೊಂದರಿಂದಲೇ ಅದು ಆಗುವುದಿಲ್ಲ ಅನ್ನುವುದು 1991ರ ನಂತರ, ಖಜಾನೆ ಬಿಗಿಯಾದಾಗ, ಎಲ್ಲರಿಗೂ ಕಂಡಿತು. ವಿಶ್ವಬ್ಯಾಂಕಿನ ಅರ್ಥಶಾಸ್ತ್ರಜ್ಞರು ಆಗಲೇ ಒಂದು ಗೆರೆ ಎಳೆದಿದ್ದರು. ಸಾಂಕ್ರಾಮಿಕ ರೋಗ, ಲಸಿಕೆ ಸರ್ಕಾರದ ಕೆಲಸ, ಒಂದು ಹಸುವಿನ ಚಿಕಿತ್ಸೆ ಅದರ ಮಾಲೀಕನ ಖರ್ಚು ಅಂತ. ವಿಶ್ವಬ್ಯಾಂಕಿನ ಮಾತೆಲ್ಲ ನನಗೆ ಒಪ್ಪಿಗೆ ಇಲ್ಲ. ಆದರೆ ಅಪ್ಪನ ಹದಿನೈದು ರೂಪಾಯಿ ನೆನೆಸಿಕೊಂಡರೆ ಈ ಗೆರೆ ಹಳ್ಳಿಯಲ್ಲಿ ಮೊದಲೇ ಇತ್ತು ಅನ್ನಿಸುತ್ತದೆ.

ಕಡೆಗೂ 2002ರ ಏಪ್ರಿಲ್ 9ರಂದು ಕೇಂದ್ರ ಕೃಷಿ ಸಚಿವಾಲಯ "ಅಗ್ರಿ ಕ್ಲಿನಿಕ್ ಮತ್ತು ಅಗ್ರಿ ಬಿಸಿನೆಸ್ ಸೆಂಟರ್" ಯೋಜನೆ ತಂದಿತು. ಕೃಷಿ, ಪಶುವೈದ್ಯ ಮುಂತಾದ ಪದವೀಧರರಿಗೆ ಹೈದರಾಬಾದಿನ ಮ್ಯಾನೇಜ್ ಸಂಸ್ಥೆಯ ಮೂಲಕ ಉಚಿತ ತರಬೇತಿ, ಆಮೇಲೆ ಬ್ಯಾಂಕಿನಿಂದ ಸಾಲ, ಬ್ಯಾಂಕಿಗೆ ನಬಾರ್ಡಿನ ಬೆಂಬಲ. ಒಬ್ಬನಿಗೆ 10 ಲಕ್ಷದವರೆಗಿನ ಯೋಜನೆ, ಗುಂಪಿಗೆ 50 ಲಕ್ಷ. ಮಾಡಬಹುದಾದ ಕಸುಬುಗಳ ಪಟ್ಟಿಯಲ್ಲಿ ಪಶು ಚಿಕಿತ್ಸಾಲಯ, ವೀರ್ಯ ಶೇಖರಣೆ, ದ್ರವ ಸಾರಜನಕದ ಸರಬರಾಜು ಎಲ್ಲ ಸ್ಪಷ್ಟವಾಗಿ ಬರೆದಿತ್ತು. ಮೊದಲು ತರಬೇತಿ ಆಮೇಲೆ ಸಾಲ ಅನ್ನುವ ದಾರಿ ನಮ್ಮವರಿಗೆ ಹೊಸದಲ್ಲ. 1982ರಲ್ಲೇ ಉಜಿರೆಯಲ್ಲಿ ಧರ್ಮಸ್ಥಳದವರು, ಕೆನರಾ, ಸಿಂಡಿಕೇಟ್ ಬ್ಯಾಂಕುಗಳು ಸೇರಿ ರುಡ್‌ಸೆಟ್ ಕಟ್ಟಿದ್ದು ಇದೇ ನಂಬಿಕೆಯ ಮೇಲೆ. ಅಂತೂ ತಕಾವಿಯಿಂದ ಲೆಕ್ಕ ಹಾಕಿದರೆ ಸುಮಾರು 120 ವರ್ಷದ ಮೇಲೆ, ದನಕ್ಕಲ್ಲ, ದನದ ಡಾಕ್ಟರಿಗೆ ಅಂತಲೇ ಸರ್ಕಾರಿ ಬೆಂಬಲದ ಸಾಲ ಬಂತು.

2004ರಲ್ಲಿ ರಿಸರ್ವ್ ಬ್ಯಾಂಕು ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಸಾಮಾನ್ಯ ಕೃಷಿ ಸಾಲಕ್ಕೆ 50,000 ರೂಪಾಯಿವರೆಗೆ, ಅಗ್ರಿ ಕ್ಲಿನಿಕ್ಕಿಗೆ 5 ಲಕ್ಷದವರೆಗೆ ಅಡಮಾನ ಕೇಳುವುದನ್ನು ಬಿಡಬಹುದು ಅಂತ ಬ್ಯಾಂಕುಗಳಿಗೆ ಹೇಳಿತು. ಬಿಡಬಹುದು. ಈ "ಬಹುದು" ಇದೆಯಲ್ಲ, ಅದರೊಳಗೆ ನಮ್ಮಂಥ ಎಷ್ಟು ಆಫೀಸರುಗಳು ಬಚ್ಚಿಟ್ಟುಕೊಂಡಿದ್ದೇವೋ ಲೆಕ್ಕವಿಲ್ಲ.

ಈಗ ನನ್ನ ಕಥೆ. ಬಿಕಾಂ ಮುಗಿಸಿ 1992ರಲ್ಲಿ ಮುಂಬಯಿಯಲ್ಲಿ ಕ್ಲಾರ್ಕ್ ಆಗಿ ಸೇರಿದವನು, ಪ್ರಮೋಷನ್ ಸಿಕ್ಕ ಮೇಲೆ 2003ರಲ್ಲಿ ಸಾಂಗಲಿ ಜಿಲ್ಲೆಯ ಜತ್ತ ತಾಲೂಕಿನ ಒಂದು ಹಳ್ಳಿಯ ಬ್ರಾಂಚಿಗೆ ಹೋದೆ. "ನಿಮಗೆ ಕನ್ನಡ ಬರುತ್ತಲ್ಲ" ಅನ್ನುವುದೇ ನನ್ನ ಅರ್ಹತೆ. ಜತ್ತ ಮಹಾರಾಷ್ಟ್ರದಲ್ಲಿದ್ದರೂ ಅಲ್ಲಿನ ಎಷ್ಟೋ ಹಳ್ಳಿಗಳ ಮನೆಮಾತು ಕನ್ನಡ. ಕೌಂಟರಿನಲ್ಲಿ ಫಾರ್ಮು ಮರಾಠಿ, ಮಾತು ಕನ್ನಡ. ಬರದ ಸೀಮೆ. ಖಿಲಾರಿ ಎತ್ತು, ಮಾಡಗ್ಯಾಳದ ಕುರಿ, ಇವೇ ಅಲ್ಲಿನ ಬಂಗಾರ. ನಾನು ಹೋದಾಗ ಬರ ಬಿದ್ದು ದನಗಳನ್ನೆಲ್ಲ ಸರ್ಕಾರದ ಮೇವಿನ ಛಾವಣಿಯಲ್ಲಿ ಕಟ್ಟಿದ್ದರು. ಮನುಷ್ಯರೂ ಅಲ್ಲೇ ಮಲಗುತ್ತಿದ್ದರು.

2004ರ ಕೊನೆಗೆ ಇರಬೇಕು, ಒಬ್ಬ ಹುಡುಗ ಬಂದ. ಕುರಿ ಕಾಯುವ ಮನೆತನ. ಶಿರವಳದ ವೆಟರ್ನರಿ ಕಾಲೇಜಿನಲ್ಲಿ ಓದಿದ್ದ. ಪುಣೆಯಿಂದ ಊರಿಗೆ ಹೋಗುವಾಗ ಸಾತಾರಾಕ್ಕಿಂತ ಮೊದಲು ಹೈವೇಯಲ್ಲಿ ಶಿರವಳ ಬರುತ್ತದಲ್ಲ, ಅದೇ. ಅಗ್ರಿ ಕ್ಲಿನಿಕ್ ತರಬೇತಿಯ ಸರ್ಟಿಫಿಕೇಟು ತಂದಿದ್ದ. ಕೇಳಿದ್ದು 2 ಲಕ್ಷ 75 ಸಾವಿರ. ಒಂದು ಮೋಟರ್ ಸೈಕಲ್, ಲಸಿಕೆ ಇಡಲು ಫ್ರಿಜ್ಜು, ಮೈಕ್ರೋಸ್ಕೋಪು, ದನ ನಿಲ್ಲಿಸುವ ಕಬ್ಬಿಣದ ಚೌಕಟ್ಟು, ಮೂರು ತಿಂಗಳ ಔಷಧಿ, ಮತ್ತು ದ್ರವ ಸಾರಜನಕದ ಎರಡು ಜಾಡಿ, ಮನೆಯಲ್ಲಿಡಲು ದೊಡ್ಡದು, ಗಾಡಿಯ ಮೇಲೆ ಒಯ್ಯಲು ಸಣ್ಣದು. ಮೈನಸ್ 196 ಡಿಗ್ರಿಯಲ್ಲಿ ಹೋರಿಯ ವೀರ್ಯದ ಕಡ್ಡಿಗಳನ್ನು ಅದರಲ್ಲಿ ಇಡುತ್ತಾರೆ. ಸಾರಜನಕ ದಿನಾ ಸ್ವಲ್ಪ ಸ್ವಲ್ಪ ಹಾರಿಹೋಗುತ್ತಿರುತ್ತದೆ, ತುಂಬಿಸುತ್ತಲೇ ಇರಬೇಕು, ಒಮ್ಮೆ ಖಾಲಿಯಾಯಿತೋ ಒಳಗಿದ್ದದ್ದೆಲ್ಲ ದಂಡ. ಅದನ್ನೆಲ್ಲ ಅವನು ನನಗೆ ಬಿಡಿಸಿ ಹೇಳಿದ. ನಾನು ಕೇಳಿದ್ದು ಒಂದೇ.

"ಅಡಾ ಏನ್ ಇಡ್ತೀರಿ ಡಾಕ್ಟ್ರ?"

"ಸಾಹೇಬ್ರ, ಅಡಾ ಬ್ಯಾಡ ಅಂತ ಟ್ರೇನಿಂಗ್‌ನ್ಯಾಗ ಹೇಳ್ಯಾರ್ರಿ."

"ಹೇಳಿರ್ತಾರ. ಟ್ರೇನಿಂಗ್ ಕೊಟ್ಟವರೇನು ಸಾಲ ವಸೂಲಿಗೆ ಬರೂದಿಲ್ಲ."

ಈ ಮಾತು ಆಡಿದ್ದು ನಾನೇ. ಆಗ ಅದು ಜಾಣತನ ಅನ್ನಿಸಿತ್ತು.

ಇದಕ್ಕೆ ಒಳಗಿನ ಒಂದು ಕಾರಣವೂ ಇತ್ತು, ಬ್ಯಾಂಕಿನ ಹೊರಗಿನವರಿಗೆ ಗೊತ್ತಿರುವುದಿಲ್ಲ. ಆಗ ಕೃಷಿ ಸಾಲಕ್ಕೆ ಶೇ. 18ರ ಗುರಿ. ಅದರಲ್ಲಿ ನೇರ ಸಾಲ, ಪರೋಕ್ಷ ಸಾಲ ಅಂತ ಎರಡು ಬಗೆ. ಪರೋಕ್ಷ ಸಾಲ ಶೇ. 4.5ಕ್ಕಿಂತ ಹೆಚ್ಚಾದರೆ ಗುರಿಯ ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲ. ಅಗ್ರಿ ಕ್ಲಿನಿಕ್ ಬೀಳುತ್ತಿದ್ದುದು ಪರೋಕ್ಷಕ್ಕೆ. 2004ರ ಜೂನ್‌ನಲ್ಲಿ ಕೇಂದ್ರ ಸರ್ಕಾರ ಮೂರು ವರ್ಷದಲ್ಲಿ ಕೃಷಿ ಸಾಲ ದುಪ್ಪಟ್ಟು ಮಾಡಬೇಕು ಅಂದಿತ್ತು, ಮೇಲಿನಿಂದ ದಿನಾ ಫೋನು. ಒಬ್ಬ ಡಾಕ್ಟರ ಫೈಲಿಗೆ ನಾಲ್ಕು ದಿನ ತಲೆ ಕೆಡಿಸಿಕೊಳ್ಳುವ ಬದಲು ಅದೇ ಹೊತ್ತಿನಲ್ಲಿ ನಲವತ್ತು ಕಿಸಾನ್ ಕ್ರೆಡಿಟ್ ಕಾರ್ಡ್ ಮಾಡಬಹುದಿತ್ತು. ಸಣ್ಣ ಉದ್ದಿಮೆಗಳಿಗೆ ಅಡಮಾನವಿಲ್ಲದೆ ಸಾಲ ಕೊಡಲೆಂದು 2000ರಲ್ಲೇ ಕ್ರೆಡಿಟ್ ಗ್ಯಾರಂಟಿ ಟ್ರಸ್ಟ್ ಬಂದಿತ್ತು. ಆದರೆ ಅದು ಸಣ್ಣ ಕೈಗಾರಿಕೆಯವರ ಮನೆ, ನಮ್ಮ ಡಾಕ್ಟರ ಫೈಲು ಕೃಷಿಯ ಮನೆಯದು. ದನದ ಕ್ಲಿನಿಕ್ಕು ಕೃಷಿಯೋ, ಸೇವೆಯೋ, ವ್ಯಾಪಾರವೋ? ಯಾವ ರಿಜಿಸ್ಟರಿನಲ್ಲಿ ಬರೆಯಬೇಕು ಅನ್ನುವುದೇ ನಮಗೆ ಗೊಂದಲ.

ಅವನ ಪ್ರಾಜೆಕ್ಟ್ ರಿಪೋರ್ಟಿನಲ್ಲಿ ತಿಂಗಳಿಗೆ ಫೀ ಆದಾಯ 6,000 ಅಂತ ಬರೆದಿತ್ತು. ನಾನು ಪಕ್ಕದಲ್ಲಿ ಹಸಿರು ಶಾಯಿಯಲ್ಲಿ ಬರೆದೆ: "ನಾಲ್ಕು ಕಿಲೋಮೀಟರ್ ದೂರದಲ್ಲಿ ಸರ್ಕಾರಿ ಉಚಿತ ಚಿಕಿತ್ಸಾಲಯ ಇದೆ. ಜಾನುವಾರು ಮಾಲೀಕರು ಶುಲ್ಕ ಕೊಡುತ್ತಾರೆ ಎಂಬುದಕ್ಕೆ ಆಧಾರವಿಲ್ಲ." ಅದಕ್ಕೆ ಉತ್ತರ ತರಲು ಹೇಳಿ ಫೈಲು ವಾಪಸ್ ಕೊಟ್ಟೆ. ಅವನು ಮತ್ತೆ ಬರಲಿಲ್ಲ. ತಿರಸ್ಕಾರ ಅಂತ ಎಲ್ಲೂ ದಾಖಲಾಗಲಿಲ್ಲ. ನಮ್ಮ ಲೆಕ್ಕದಲ್ಲಿ ಅದು "ಅರ್ಜಿದಾರರಿಂದ ಮಾಹಿತಿ ಬಾಕಿ".

ಕಂದೀಲು ಹಿಡಿದು ನಿಂತಿದ್ದ ಹುಡುಗನೇ ಆ ವಾಕ್ಯ ಬರೆದದ್ದು. ಆಧಾರವಿಲ್ಲ ಅಂತ.

2011ರಲ್ಲಿ ಮನೆಯವರ ಜೊತೆ ಗುಡ್ಡಾಪುರದ ದಾನಮ್ಮನ ದರ್ಶನಕ್ಕೆ ಹೋಗಿದ್ದೆ, ಅದೂ ಜತ್ತ ತಾಲೂಕೇ. ಗುಡಿಯ ಮುಂದೆ ಹಳೇ ಗಿರಾಕಿಯೊಬ್ಬರು ಗುರುತು ಹಿಡಿದು ಚಹಾ ಕುಡಿಸಿದರು. ಮಾತಿಗೆ ಮಾತು ಬಂದು ಆ ಹುಡುಗನನ್ನು ವಿಚಾರಿಸಿದೆ. ಅವನು ಕ್ಲಿನಿಕ್ ಹಾಕಿಯೇ ಹಾಕಿದ್ದನಂತೆ. ಮಿರಜದ ಔಷಧಿ ಅಂಗಡಿಯವರು ಉದ್ರಿ ಕೊಟ್ಟಿದ್ದರು, ನಮಗಿಂತ ಎಷ್ಟೋ ಹೆಚ್ಚಿನ ಬಡ್ಡಿ ಅದರ ಬೆಲೆಯಲ್ಲೇ ಸೇರಿರುತ್ತಿತ್ತು. ಗಾಡಿ ಅವರ ಮಾವ ಕೊಡಿಸಿದ್ದು. ಸಾರಜನಕದ ಜಾಡಿ ಮಾತ್ರ ಕೊಳ್ಳಲಾಗಲಿಲ್ಲ. ಆರು ವರ್ಷ ನಡೆಸಿದ. "ಭಾಳ ಛಲೋ ಕೈ ಇತ್ರಿ ಅವಂದು. ರಾತ್ರಿ ಎಷ್ಟಕ್ಕ ಕರೀರಿ, ಬರ್ತಿದ್ದ. ಹಣ ಇದ್ದವ್ರು ಕೂಡ್ಲೆ ಕೊಡ್ತಿದ್ರು, ಇಲ್ದವ್ರು ಕುರಿ ಮಾರಿದ ಮ್ಯಾಲ ಕೊಡ್ತಿದ್ರು." ಔಷಧಿ ಅಂಗಡಿಯ ಬಾಕಿ ಬೆಳೆಯಿತು, ಸರ್ಕಾರಿ ಕೆಲಸಕ್ಕೆ ಆಯ್ಕೆಯಾಯಿತು, ವಿದರ್ಭದ ಕಡೆ ಹೋದ. ಆ ಹಳ್ಳಿಗಳಲ್ಲಿ ಆಮೇಲೆ ಖಾಸಗಿ ಡಾಕ್ಟರು ಬಂದಿರಲಿಲ್ಲ. ಚಹಾದ ದುಡ್ಡು ನಾನೇ ಕೊಡುತ್ತೇನೆ ಅಂದರೂ ಅವರು ಬಿಡಲಿಲ್ಲ.

ಅಷ್ಟರಲ್ಲಿ ನಿಯಮಗಳು ಸುಧಾರಿಸಿದ್ದವು. 2010ರಲ್ಲಿ ಅಗ್ರಿ ಕ್ಲಿನಿಕ್ ಯೋಜನೆಯನ್ನು ಪರಿಷ್ಕರಿಸಿ ಒಬ್ಬನ ಮಿತಿಯನ್ನು 20 ಲಕ್ಷಕ್ಕೆ ಏರಿಸಿದರು. ಸಾಮಾನ್ಯರಿಗೆ ಶೇ. 36, ಮಹಿಳೆಯರಿಗೆ, ಪರಿಶಿಷ್ಟರಿಗೆ, ಈಶಾನ್ಯ ಮತ್ತು ಗುಡ್ಡಗಾಡು ರಾಜ್ಯದವರಿಗೆ ಶೇ. 44 ಸಬ್ಸಿಡಿ. ಅದೇ ವರ್ಷ ಸೆಪ್ಟೆಂಬರಿನಲ್ಲಿ ಡೈರಿ ಉದ್ಯಮಶೀಲತಾ ಯೋಜನೆ ಬಂತು. ಅದರಲ್ಲಿ ಖಾಸಗಿ ಪಶು ಕ್ಲಿನಿಕ್ಕಿಗೇ ಪ್ರತ್ಯೇಕ ಸಾಲು ಇತ್ತು, ಗಾಡಿಯ ಮೇಲೆ ಓಡಾಡುವ ಕ್ಲಿನಿಕ್ಕಿಗೆ 2.40 ಲಕ್ಷ, ಒಂದು ಕಡೆ ನಿಂತದ್ದಕ್ಕೆ 1.80 ಲಕ್ಷ, ಶೇ. 25 ಸಬ್ಸಿಡಿ. ಓಡಾಡುವವನಿಗೆ ಹೆಚ್ಚು ಕೊಟ್ಟರಲ್ಲ, ಅದನ್ನು ಬರೆದವರು ಯಾರೋ ಹಳ್ಳಿ ಕಂಡವರೇ ಇರಬೇಕು. ಆದರೆ ಸಬ್ಸಿಡಿ ಅಂದರೆ ಕೈಗೆ ಬರುವ ದುಡ್ಡಲ್ಲ, ಇದನ್ನು ಎಷ್ಟು ಸಲ ಹೇಳಿದರೂ ಜನ ನಂಬುವುದಿಲ್ಲ. ಅದು ಬ್ಯಾಂಕಿನಲ್ಲೇ ಬೇರೆ ಖಾತೆಯಲ್ಲಿ ಕೂತಿರುತ್ತದೆ, ಕಂತು ಸರಿಯಾಗಿ ಕಟ್ಟಿದರೆ ಕೊನೆಗೆ ಸಾಲಕ್ಕೆ ಜಮಾ ಆಗುತ್ತದೆ. 2020-21ರಿಂದ ಆ ಡೈರಿ ಯೋಜನೆ ನಿಂತಿತು.

ಅದರ ಹಿಂದೆಯೇ, 2020ರ ಜೂನ್‌ನಲ್ಲಿ, 15,000 ಕೋಟಿಯ ಪಶುಸಂಗೋಪನಾ ಮೂಲಸೌಕರ್ಯ ನಿಧಿ ಘೋಷಣೆಯಾಯಿತು. ಶೇ. 3 ಬಡ್ಡಿ ರಿಯಾಯಿತಿ, 750 ಕೋಟಿಯ ಗ್ಯಾರಂಟಿ ನಿಧಿ. ಓದಿ ಖುಷಿಯಾಗಿತ್ತು. ಪಟ್ಟಿ ತೆಗೆದು ನೋಡಿದರೆ ಹಾಲು ಸಂಸ್ಕರಣೆ, ಮಾಂಸ ಸಂಸ್ಕರಣೆ, ಪಶು ಆಹಾರದ ಕಾರ್ಖಾನೆ, ತಳಿ ಅಭಿವೃದ್ಧಿ ಇಂಥವು, ಮುಂದೆ ಲಸಿಕೆ, ಔಷಧಿ ತಯಾರಿಕೆಯೂ ಸೇರಿತು. ದೊಡ್ಡ ದೊಡ್ಡ ಕಟ್ಟಡ, ದೊಡ್ಡ ಯಂತ್ರ. ಮೋಟರ್ ಸೈಕಲ್ಲಿನ ಡಾಕ್ಟರು ಅದರಲ್ಲಿ ಎಲ್ಲೂ ಕಾಣಲಿಲ್ಲ. ಅವನಿಗೆ ಹೆಚ್ಚು ಕೆಲಸಕ್ಕೆ ಬಂದದ್ದು 2015ರ ಮುದ್ರಾ ಸಾಲ. ಕೃಷಿಗೆ ಹೊಂದಿದ ಕಸುಬುಗಳೂ ಅಗ್ರಿ ಕ್ಲಿನಿಕ್ಕೂ ಅದರಲ್ಲಿ ಸೇರಿದವು, 10 ಲಕ್ಷದವರೆಗೆ ಅಡಮಾನವಿಲ್ಲ, ಸರ್ಕಾರದ್ದೇ ಗ್ಯಾರಂಟಿ ನಿಧಿ ಹಿಂದಿದೆ. ನೇರ, ಪರೋಕ್ಷ ಅನ್ನುವ ಭೇದವನ್ನೂ ರಿಸರ್ವ್ ಬ್ಯಾಂಕು ಅದೇ 2015ರಲ್ಲಿ ತೆಗೆದು ಹಾಕಿತು. ಹತ್ತು ವರ್ಷ ಮುಂಚೆ ತೆಗೆದಿದ್ದರೆ ನನ್ನ ಹಸಿರು ಶಾಯಿ ಉಳಿಯುತ್ತಿತ್ತೇನೋ. ಉಳಿಯುತ್ತಿರಲಿಲ್ಲವೇನೋ, ಬರೆಯುವ ಮನಸ್ಸಿದ್ದವನಿಗೆ ಇನ್ನೊಂದು ಕಾರಣ ಸಿಗುತ್ತದೆ.

ಉಚಿತದ ಪೈಪೋಟಿ ಮಾತ್ರ ಹೋಗಿಲ್ಲ, ಹೊಸ ರೂಪದಲ್ಲಿದೆ. 1962ಕ್ಕೆ ಫೋನ್ ಮಾಡಿದರೆ ಸರ್ಕಾರದ ಸಂಚಾರಿ ಪಶು ಚಿಕಿತ್ಸಾ ವಾಹನ ಬಾಗಿಲಿಗೇ ಬರುವ ವ್ಯವಸ್ಥೆಯಾಗಿದೆ. ಬಡವನ ದನಕ್ಕೆ ಅದು ಬೇಕು, ನಾನು ಬೇಡ ಅನ್ನುವುದಿಲ್ಲ. ಆದರೆ ಒಂದು ಲಕ್ಷ ಜಾನುವಾರಿಗೆ ಒಂದು ವಾಹನ ಅನ್ನುವ ಲೆಕ್ಕ ಅದು. ನಡುರಾತ್ರಿಯ ಎಮ್ಮೆಗೆ ಇನ್ನೂ ಯಾರೋ ಒಬ್ಬ ಹತ್ತಿರದವನು ಬೇಕಾಗುತ್ತಾನೆ. ಆ ಜಾಗ ತುಂಬುತ್ತಿರುವವರು ಬಹಳ ಕಡೆ ಡಿಗ್ರಿ ಇಲ್ಲದ ಕೈಗಳು. 1984ರ ಪಶುವೈದ್ಯ ಪರಿಷತ್ ಕಾಯ್ದೆ ಪ್ರಕಾರ ನೋಂದಾಯಿತ ಪದವೀಧರ ಮಾತ್ರ ಪ್ರಾಕ್ಟೀಸ್ ಮಾಡಬೇಕು, ಡಿಪ್ಲೊಮಾದವರು ರಾಜ್ಯ ಸರ್ಕಾರದ ಆದೇಶ ಇದ್ದರೆ ಡಾಕ್ಟರ ಮೇಲ್ವಿಚಾರಣೆಯಲ್ಲಿ ಸಣ್ಣಪುಟ್ಟ ಚಿಕಿತ್ಸೆ ಮಾಡಬಹುದು. ನಮ್ಮಪ್ಪ ಕರೆತಂದ ಕಂಪೌಂಡರಂಥವರಿಗೆ ಬ್ಯಾಂಕು ಸಾಲ ಕೊಡುವಂತಿಲ್ಲ, ಕೊಡಬಲ್ಲ ಪದವೀಧರ ಹಳ್ಳಿಗೆ ಹೋಗುವುದಿಲ್ಲ, ಹೋಗುತ್ತೇನೆ ಅಂದವನಿಗೆ ನಾವು ಆಧಾರ ಕೇಳುತ್ತೇವೆ.

ತಮ್ಮನ ಮಗನಿಗೆ ಮಾರನೇ ದಿನ ನಾನೇ ಫೋನ್ ಮಾಡಿದೆ. ಅಗ್ರಿ ಕ್ಲಿನಿಕ್ ತರಬೇತಿಗೆ ಅರ್ಜಿ ಹಾಕು, 45 ದಿನ, ದುಡ್ಡು ಇಲ್ಲ. ಕರ್ನಾಟಕ ಪಶುವೈದ್ಯ ಪರಿಷತ್ತಿನ ನೋಂದಣಿ ಕೈಯಲ್ಲಿಟ್ಟುಕೊ. ಬ್ಯಾಂಕಿನವರು ಅಡಮಾನ ಕೇಳಿದರೆ ಯಾವ ಸರ್ಕ್ಯುಲರ್ ಪ್ರಕಾರ ಅಂತ ಮರ್ಯಾದೆಯಿಂದ ಬರೆದು ಕೇಳು, ಬಾಯಲ್ಲಿ ಕೇಳಬೇಡ. ಮತ್ತೆ ಇನ್ನೊಂದು. ಸಾಲಕ್ಕಿಂತ ಮುಂಚೆ ಮೂರು ತಿಂಗಳು ಅಪ್ಪನ ಗಾಡಿ ತಗೊಂಡು ಸುತ್ತಲಿನ ಹಳ್ಳಿಗಳಿಗೆ ಹೋಗು. ಯಾರ ಮನೆ, ಯಾವ ದನ, ಏನು ಚಿಕಿತ್ಸೆ, ಎಷ್ಟು ಕೊಟ್ಟರು, ಎಷ್ಟು ಬಾಕಿ, ಎಲ್ಲ ಒಂದು ನೋಟ್‌ಬುಕ್ಕಿನಲ್ಲಿ ಬರೆ. ಆ ನೋಟ್‌ಬುಕ್ಕೇ ನಿನ್ನ ಆಧಾರ.

"ಬ್ಯಾಂಕಿನವ್ರು ಅದನ್ನ ನಂಬ್ತಾರೇನು ದೊಡ್ಡಪ್ಪಾ?"

"ನಂಬದಿದ್ರ ನನಗ ಫೋನ್ ಮಾಡು."

ಮೊನ್ನೆ ಮೊದಲ ಪುಟದ ಫೋಟೋ ವಾಟ್ಸಾಪಿನಲ್ಲಿ ಕಳಿಸಿದ್ದ. ಹನ್ನೆರಡು ಸಾಲು. ಏಳು ಜನ ದುಡ್ಡು ಕೊಟ್ಟಿದ್ದಾರೆ, ಮೂವರದು ಬಾಕಿ, ಒಬ್ಬರ ಹೆಸರಿನ ಮುಂದೆ "ಜೋಳ" ಅಂತಷ್ಟೇ ಇದೆ, ಎಷ್ಟು ಅಂತ ಬರೆದಿಲ್ಲ. ಕೊನೆಯ ಸಾಲು ರಾತ್ರಿ 11.40ರದ್ದು, ಹಾಲು ಜ್ವರ, ಕ್ಯಾಲ್ಸಿಯಂ ಒಂದು ಬಾಟಲಿ. ಹಣದ ಕಾಲಮ್ಮು ಖಾಲಿ ಇತ್ತು. ಎಮ್ಮೆ ಎದ್ದಿತಾ ಅಂತ ಕೇಳಿದೆ. ಎದ್ದೈತಿ, ನಾಳೆ ಡೈರಿ ಬಿಲ್ ಆದಕೂಡ್ಲೆ ಕೊಡ್ತೀನಿ ಅಂದಾರ ಅಂದ.